ಬೆಳಿಗ್ಗೆ ಹಿಡಿದುಕೊಳ್ಳುವ ಬೆನ್ನು: ಸಹಿಸಬೇಕೋ, ಔಷಧಿ ಮಾಡಬೇಕೋ?

 

ಇವತ್ತಿನ ಚಿಂತನೆ ಸ್ವಲ್ಪ ಉದ್ದ ಇದೆ. ಕಾಫಿ ಕುಡಿಯುತ್ತಾ ಓದಿ. ಕೂತು ಓದುವುದಕ್ಕಿಂತ ಓಡಾಡುತ್ತಾ ಓದಿದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹೋದ ವಾರ ನಮ್ಮ ಗುಂಪಿನ ಒಬ್ಬ ಅಕ್ಕ ನನಗೆ ವಾಯ್ಸ್ ಮೆಸೇಜ್ ಕಳಿಸಿದ್ದರು. ಅವರ ಒಪ್ಪಿಗೆ ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡ ಅಂದಿದ್ದಾರೆ. ಅವರಿಗೆ ಐವತ್ತು ದಾಟಿದೆ, ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಾರೆ. "ಮೇಷ್ಟ್ರೇ, ಬೆಳಿಗ್ಗೆ ಎದ್ದರೆ ಸೊಂಟ ಹಲಗೆ ಥರ ಆಗಿರ್ತದೆ. ಬಚ್ಚಲಿಗೆ ಹೋಗೋಕೂ ಗೋಡೆ ಹಿಡೀಬೇಕು. ಇಪ್ಪತ್ತು ನಿಮಿಷ, ಅರ್ಧ ಗಂಟೆ ಆದ್ಮೇಲೆ ಸಡಿಲ ಆಗ್ತದೆ. ನಮ್ಮ ಬೀದಿಯವರು ಇದು ಹಿಂದಿನ ಜನ್ಮದ ಬಾಕಿ, ತೀರಿಸಲೇಬೇಕು ಅಂತಾರೆ. ನೀವು ನೋಡಿದ್ರೆ ವೇದನೆಯನ್ನ ಸುಮ್ನೆ ನೋಡ್ತಾ ಕೂತ್ಕೊಳ್ಳಿ ಅಂತೀರಿ. ಹಂಗಾದ್ರೆ ನಾನು ಡಾಕ್ಟರ ಹತ್ರ ಹೋದ್ರೆ ಸೋತಂಗಾ?"

ಆ ಕೊನೆಯ ಮಾತು ನನ್ನನ್ನು ಮೂರು ದಿನ ಬಿಡಲಿಲ್ಲ. ಬೀದಿಯವರು ಹೇಳಿದ್ದೂ ನಾನು ಹೇಳಿದ್ದೂ ಅವರ ಕಿವಿಯಲ್ಲಿ ಒಂದೇ ಥರ ಕೇಳಿಸಿವೆ. ಇಬ್ಬರೂ ಸೇರಿ ಅವರಿಗೆ "ಸುಮ್ಮನಿರು" ಅಂದ ಹಾಗಾಗಿದೆ.

ಇದಕ್ಕೆ ಮುಂಚೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಬೆಳಗಿನ ಧ್ಯಾನಕ್ಕೆ ಒಬ್ಬ ಹುಡುಗ ಬರುತ್ತಿದ್ದ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಆಗಷ್ಟೇ ಕೆಲಸಕ್ಕೆ ಸೇರಿದ್ದ. ಹತ್ತು ನಿಮಿಷ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ಒಂದು ದಿನ ಅವನೇ ಹೇಳಿದ: "ಸರ್, ರಾತ್ರಿ ಮೂರೂವರೆ ನಾಲ್ಕಕ್ಕೆ ನೋವಿಗೇ ಎಚ್ಚರ ಆಗುತ್ತೆ. ಮಲಗಿದಷ್ಟೂ ಜಾಸ್ತಿ. ಎದ್ದು ಓಡಾಡಿದರೆ ಕಡಿಮೆ ಆಗುತ್ತೆ. ಬೆಳಿಗ್ಗೆ ಒಂದೆರಡು ಗಂಟೆ ಬೆನ್ನು ಬಗ್ಗೋದೇ ಇಲ್ಲ." ನಾನು ದೊಡ್ಡ ಜ್ಞಾನಿಯ ಹಾಗೆ, ವೇದನೆಯನ್ನು ವೇದನೆಯಾಗಿ ನೋಡಪ್ಪ, ಅದು ಅನಿಚ್ಚ, ಹುಟ್ಟುತ್ತೆ ಹೋಗುತ್ತೆ ಅಂದೆ. ಅವನು ವಿಧೇಯ ಹುಡುಗ, ಸುಮಾರು ಎರಡು ವರ್ಷ ನೋಡುತ್ತಾ ಕೂತ. ಆಮೇಲೆ ಒಂದು ದಿನ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದೆ ಕಣ್ಣಿನ ಡಾಕ್ಟರ ಹತ್ತಿರ ಹೋದ. ಆ ಡಾಕ್ಟರು ಕಣ್ಣು ನೋಡಿ, "ನಿನಗೆ ಬೆನ್ನು ನೋವು ಇದೆಯಾ?" ಅಂತ ಕೇಳಿದರಂತೆ! ಅಲ್ಲಿಂದ ಗಂಟುರೋಗದ ತಜ್ಞರ ಹತ್ತಿರ ಕಳಿಸಿದರು. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಅಂತ ಗೊತ್ತಾಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಬೆನ್ನುಮೂಳೆಯ ಕೀಲುಗಳ ಮೇಲೆ ತಿರುಗಿಬಿದ್ದು ಉರಿಯೂತ ಮಾಡುವ ಕಾಯಿಲೆ ಇದು. ಬಿಟ್ಟರೆ ವರ್ಷಗಳು ಕಳೆದಂತೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಬೇಗ ಹಿಡಿದರೆ ಮಾತ್ರೆ, ಇಂಜೆಕ್ಷನ್, ದಿನಾ ವ್ಯಾಯಾಮದಿಂದ ಬಹಳ ಮಟ್ಟಿಗೆ ತಡೆಯಬಹುದು.

ಅವನು ಈಗ ಚೆನ್ನಾಗಿದ್ದಾನೆ. ಈಜುತ್ತಾನೆ, ಔಷಧಿ ತೆಗೆದುಕೊಳ್ಳುತ್ತಾನೆ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆದರೆ ಆ ಎರಡು ವರ್ಷ ನನ್ನ ಲೆಕ್ಕದಲ್ಲಿದೆ. ಅವನು ಹೇಳಿದ ನಾಲ್ಕು ವಾಕ್ಯದಲ್ಲೇ ಎಲ್ಲ ಸುಳಿವೂ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ, ಯಾಕೆಂದರೆ ಉತ್ತರ ಮೊದಲೇ ನನ್ನ ಬಾಯಲ್ಲಿ ತಯಾರಾಗಿತ್ತು.

ಹಾಗಾಗಿ ಪ್ರಶ್ನೆ ಇದು: *ನೋವನ್ನು ಸಹಿಸುವುದು ಯಾವಾಗ ಧಮ್ಮ, ಯಾವಾಗ ಬರೀ ಅಜ್ಞಾನ?*

ಮೊದಲು ಜನ್ಮಾಂತರದ ಮಾತು. ಸಂಯುತ್ತ ನಿಕಾಯದ ವೇದನಾ ಸಂಯುತ್ತದಲ್ಲಿ ಸೀವಕ ಎಂಬ ಪರಿವ್ರಾಜಕನ ಸುತ್ತ ಇದೆ. ರಾಜಗೃಹದ ವೇಳುವನದಲ್ಲಿ ಅವನು ಬುದ್ಧರನ್ನು ನೇರವಾಗಿ ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖ, ದುಃಖ ಎಲ್ಲವೂ ಹಿಂದೆ ಮಾಡಿದ ಕರ್ಮದಿಂದಲೇ ಅಂತ ಕೆಲವರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ? ಬುದ್ಧರು ಎಂಟು ಕಾರಣ ಹೇಳುತ್ತಾರೆ. ಪಿತ್ತ, ಕಫ, ವಾತ, ಈ ಮೂರೂ ಸೇರಿದ್ದು, ಋತುವಿನ ಬದಲಾವಣೆ, ದೇಹವನ್ನು ಅಡ್ಡಾದಿಡ್ಡಿಯಾಗಿ ಬಳಸುವುದು, ಹೊರಗಿನ ಪೆಟ್ಟು, ಎಂಟನೆಯದಾಗಿ ಕರ್ಮಫಲ. ಎಂಟರಲ್ಲಿ ಒಂದು, ಅದೂ ಕೊನೆಯಲ್ಲಿ. ಎಲ್ಲವೂ ಹಿಂದಿನ ಕರ್ಮವೇ ಅನ್ನುವವರು ತಾವೇ ಕಣ್ಣಾರೆ ಕಂಡದ್ದನ್ನೂ ಲೋಕಕ್ಕೆ ಗೊತ್ತಿರುವುದನ್ನೂ ಮೀರಿ ಮಾತಾಡುತ್ತಿದ್ದಾರೆ ಅನ್ನುವುದು ಬುದ್ಧರ ಉತ್ತರದ ತಿರುಳು. ಆ ಆರನೆಯ ಕಾರಣಕ್ಕೆ ಅಟ್ಠಕಥೆ ಕೊಡುವ ಉದಾಹರಣೆಗಳಲ್ಲಿ ಭಾರವಾದ ಹೊರೆ ಹೊರುವುದೂ ಒಂದು. ನಾಲ್ಕು ಮನೆಯ ನೆಲ ಬಗ್ಗಿ ಒರೆಸುವ ಅಕ್ಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬುದ್ಧರಿಗೂ ಬೆನ್ನು ನೋವಿತ್ತು. ಇದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ, ವಿಹಾರದ ಮೂರ್ತಿಗಳಲ್ಲಿ ಅವರ ಬೆನ್ನು ಯಾವಾಗಲೂ ನೆಟ್ಟಗೇ ಇರುತ್ತದಲ್ಲ. ಕಪಿಲವತ್ಥುವಿನಲ್ಲಿ ಶಾಕ್ಯರು ಹೊಸ ಸಭಾಭವನ ಕಟ್ಟಿ ಬುದ್ಧರನ್ನು ಕರೆದಿದ್ದರು. ರಾತ್ರಿ ಬಹಳ ಹೊತ್ತು ಉಪದೇಶ ಮಾಡಿದ ಮೇಲೆ ಅವರು ಆನಂದನಿಗೆ, ನನ್ನ ಬೆನ್ನು ನೋಯುತ್ತಿದೆ, ಸ್ವಲ್ಪ ಚಾಚಿಕೊಳ್ಳುತ್ತೇನೆ, ಮುಂದಿನದನ್ನು ನೀನು ಹೇಳು ಅಂದರು. ಸಂಘಾಟಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಬಲಮಗ್ಗುಲಿಗೆ ಮಲಗಿದರು. ಪಾವಾದಲ್ಲಿ ಮಲ್ಲರ ಹೊಸ ಭವನದಲ್ಲೂ ಇದೇ ಆಯಿತು, ಅಲ್ಲಿ ಸಾರಿಪುತ್ತರು ಮುಂದುವರಿಸಿದರು. ದೀಘ ನಿಕಾಯದ ಅಷ್ಟು ದೊಡ್ಡ ಸಂಗೀತಿ ಸುತ್ತ ನಮಗೆ ಸಿಕ್ಕಿದ್ದೇ ಬುದ್ಧರ ಬೆನ್ನು ನೋವಿನಿಂದ ಅನ್ನಬಹುದು. ತಮಾಷೆಯಲ್ಲ, ನಿಜ.

ಈ ನೋವಿಗೆ ಕಾರಣ ಏನು ಅನ್ನುವುದರ ಬಗ್ಗೆ ನಮ್ಮ ಪರಂಪರೆಯೊಳಗೇ ಎರಡು ಮಾತಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅಟ್ಠಕಥೆ ಹೇಳುತ್ತದೆ: ಆರು ವರ್ಷ ಉಗ್ರ ತಪಸ್ಸು ಮಾಡಿ ದೇಹವನ್ನು ದಂಡಿಸಿದ್ದರು, ಮುಪ್ಪಿನಲ್ಲಿ ಅದು ಬೆನ್ನಿನ ವಾತವಾಗಿ ಕಾಣಿಸಿಕೊಂಡಿತು. ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಇಂದಿನ ಡಾಕ್ಟರೂ ಹೀಗೇ ಹೇಳುತ್ತಾರೆ. ಆದರೆ ಅಪದಾನದಲ್ಲಿ ಬೇರೆ ಕಥೆ ಇದೆ. ಹಿಂದಿನ ಒಂದು ಜನ್ಮದಲ್ಲಿ ಬೋಧಿಸತ್ವರು ಕುಸ್ತಿಯಲ್ಲಿ ಎದುರಾಳಿಯನ್ನು ಹಿಂಸಿಸಿದ್ದರು, ಅದರ ಶೇಷವೇ ಈ ಬೆನ್ನು ನೋವು ಅಂತ. ನೋಡಿ, ಬೀದಿಯವರ ಮಾತಿಗೆ ನಮ್ಮ ಗ್ರಂಥದಲ್ಲೂ ಆಧಾರ ಇದೆ! ಆದರೆ ಮಿಲಿಂದಪಞ್ಹದಲ್ಲಿ ನಾಗಸೇನರು ಇದೇ ರೀತಿಯ ಪ್ರಶ್ನೆ ಬಂದಾಗ ಸೀವಕನಿಗೆ ಹೇಳಿದ ಎಂಟು ಕಾರಣಗಳನ್ನೇ ಮುಂದಿಟ್ಟು, ಬುದ್ಧರ ದೇಹದ ನೋವುಗಳನ್ನು ಕರ್ಮಫಲ ಅನ್ನಬೇಕಾಗಿಲ್ಲ ಅಂತ ವಾದಿಸುತ್ತಾರೆ. ನಾನು ನಾಗಸೇನರ ಕಡೆ. ಕಾರಣ ಇಷ್ಟೇ: ಕುಸ್ತಿಯ ಕಥೆ ನಿಜವೇ ಇರಲಿ, ಅದರಿಂದ ಯಾರ ಬೆನ್ನಿಗೂ ಒಂದು ಹನಿ ಎಣ್ಣೆ ಸಿಗುವುದಿಲ್ಲ. ತಪಸ್ಸು ಮತ್ತು ಮುಪ್ಪು ಅಂತ ಗೊತ್ತಾದರೆ ಮಲಗಲು ಜಾಗ ಮಾಡಿಕೊಡಬಹುದು. ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ ತಮ್ಮ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹಿಂದಿನ ಜನ್ಮದ ಕರ್ಮ ಎಂಬ ವಿವರಣೆಯನ್ನು ಅಷ್ಟು ಗಟ್ಟಿಯಾಗಿ ತಳ್ಳಿಹಾಕಿದ್ದು ಸುಮ್ಮನೆ ಅಲ್ಲ. ಬಡವನ ಕಷ್ಟಕ್ಕೆ ಅವನ ಹಳೆಯ ಜನ್ಮವೇ ಕಾರಣ ಅಂದುಬಿಟ್ಟರೆ ಉಳಿದವರೆಲ್ಲ ಕೈ ತೊಳೆದುಕೊಳ್ಳಬಹುದು.

ಇನ್ನು ನನ್ನ ಕಡೆಯ ತಪ್ಪು, "ಸುಮ್ಮನೆ ನೋಡು" ಅನ್ನುವುದು.

ಎರಡು ಬಾಣದ ಸುತ್ತ ಎಲ್ಲರಿಗೂ ಬಾಯಿಪಾಠ. ದೇಹದ ನೋವು ಮೊದಲ ಬಾಣ, ಅದರ ಮೇಲೆ ನಾವು ಕೊರಗುವುದು ಎರಡನೆಯ ಬಾಣ. ಎರಡನೆಯದು ಬೇಡ, ಸರಿ. ಆದರೆ ಮೊದಲ ಬಾಣವನ್ನು ಕೀಳಬೇಡಿ ಅಂತ ಆ ಸುತ್ತ ಎಲ್ಲಿ ಹೇಳಿದೆ? ಎಲ್ಲೂ ಇಲ್ಲ. ಮಾಲುಂಕ್ಯಪುತ್ತನಿಗೆ ಹೇಳಿದ ಇನ್ನೊಂದು ಬಾಣದ ಉಪಮೆಯಲ್ಲಂತೂ ಬಾಣ ತಗುಲಿದವನ ಬಂಧುಗಳು ವೈದ್ಯನನ್ನೇ ಕರೆಸುತ್ತಾರೆ. ಅಲ್ಲಿ ಮೂರ್ಖನಾಗುವವನು ಬಾಣ ಬಿಟ್ಟವನ ಕುಲಗೋತ್ರ ಗೊತ್ತಾಗುವ ತನಕ ಕೀಳಿಸಿಕೊಳ್ಳುವುದಿಲ್ಲ ಅಂತ ಕೂತವನು.

ಸಬ್ಬಾಸವ ಸುತ್ತದಲ್ಲಿ ಆಸವಗಳನ್ನು ಬಿಡುವ ಏಳು ದಾರಿ ಹೇಳಿದೆ. ಒಂದು ಸಹಿಸಿ ಬಿಡುವುದು. ದೇಹದ ತೀವ್ರ ನೋವೂ ಅದರಲ್ಲಿ ಬರುತ್ತದೆ. ಇನ್ನೊಂದು ಬಳಸಿ ಬಿಡುವುದು. ಬಟ್ಟೆ, ಊಟ, ವಸತಿ, ಔಷಧಿ ಇವನ್ನು ವಿವೇಕದಿಂದ ಬಳಸುವುದು ಈ ದಾರಿ. ಮತ್ತೊಂದು ತಪ್ಪಿಸಿ ಬಿಡುವುದು. ಮದವೇರಿದ ಆನೆ, ಹಾವು, ಮುಳ್ಳು ಇದ್ದ ಕಡೆ ಹೋಗದಿರುವುದು. ಆನೆ ಎದುರಿಗೆ ಬಂದಾಗ ಸಹನೆ ತೋರಿಸಿ ಅಂತ ಯಾರೂ ಹೇಳಲಿಲ್ಲ. ಒಂದೇ ಸುತ್ತದಲ್ಲಿ ಮೂರೂ ಇದೆ, ಯಾವುದಕ್ಕೆ ಯಾವುದು ಅಂತ ಗುರುತಿಸುವುದೇ ನಮ್ಮ ಕೆಲಸ.

ನನಗೆ ಹೆಚ್ಚು ತಾಗಿದ್ದು ವಿನಯದ ಒಂದು ಭಾಗ. ಅತಿಸಾರದಿಂದ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ ಭಿಕ್ಖುವನ್ನು ಬುದ್ಧರೂ ಆನಂದರೂ ತೊಳೆದು ಮಂಚದ ಮೇಲೆ ಮಲಗಿಸಿದ ಪ್ರಸಂಗ ಗೊತ್ತಲ್ಲ? ಅದರ ಹಿಂದೆಯೇ ಒಳ್ಳೆಯ ರೋಗಿ ಹೇಗಿರಬೇಕು ಅಂತ ಐದು ಗುಣ ಬರುತ್ತವೆ. ತನಗೆ ಹಿತವಾದದ್ದನ್ನು ಮಾಡುತ್ತಾನೆ, ಅದರಲ್ಲಿ ಮಿತಿ ತಿಳಿದಿರುತ್ತಾನೆ, ಔಷಧಿ ತೆಗೆದುಕೊಳ್ಳುತ್ತಾನೆ, ನೋಡಿಕೊಳ್ಳುವವರಿಗೆ ಕಾಯಿಲೆ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಇದ್ದಂತೆಯೇ ಇದೆಯೋ ಸರಿಯಾಗಿ ಹೇಳುತ್ತಾನೆ. ಐದನೆಯದು ಸಹನೆ. ಆ ಹುಡುಗ ನಾಲ್ಕನೆಯದನ್ನು ಮಾಡಿದ್ದ, ಎಷ್ಟು ಚೆನ್ನಾಗಿ ವರದಿ ಒಪ್ಪಿಸಿದ್ದ! ನಾನು ಮೂರನೆಯದನ್ನು ಹಾರಿಸಿ ಅವನನ್ನು ನೇರ ಐದನೆಯದಕ್ಕೆ ತಳ್ಳಿದೆ.

ಇರಲಿ, ಈಗ ಬೆನ್ನಿನ ವಿಷಯಕ್ಕೇ ಬರೋಣ. ಕಾರಣ ಗೊತ್ತಿಲ್ಲದೆ ಪರಿಹಾರ ಇಲ್ಲ, ನಾಲ್ಕು ಆರ್ಯಸತ್ಯಗಳ ಜೋಡಣೆಯೇ ಹಾಗಿದೆ.

ಬೆನ್ನುಮೂಳೆಗಳ ನಡುವೆ ಡಿಸ್ಕ್‌ಗಳಿವೆ, ನೀರು ಹೀರುವ ಮೆತ್ತೆಗಳು ಅಂದುಕೊಳ್ಳಿ. ಹಗಲಿಡೀ ನಮ್ಮ ಭಾರಕ್ಕೆ ಅವುಗಳ ನೀರು ಹಿಂಡಿ ಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಂಡು ಉಬ್ಬುತ್ತವೆ. ಅದಕ್ಕೇ ಬೆಳಿಗ್ಗೆ ನಾವು ಸಂಜೆಗಿಂತ ಸುಮಾರು 1ರಿಂದ 2 ಸೆಂಟಿಮೀಟರ್ ಎತ್ತರ ಇರುತ್ತೇವೆ. ಉಬ್ಬಿದ ಡಿಸ್ಕ್ ಬಿಗಿ, ಬಗ್ಗಿದರೆ ಅದರ ಮೇಲೂ ಸುತ್ತಲಿನ ನರಹುರಿಗಳ ಮೇಲೂ ಹಗಲಿಗಿಂತ ಹೆಚ್ಚು ಒತ್ತಡ ಬೀಳುತ್ತದೆ. ಜೊತೆಗೆ ರಾತ್ರಿಯೆಲ್ಲ ಅಲುಗಾಡದ ಸ್ನಾಯು, ವಯಸ್ಸಿಗೆ ಸವೆದ ಕೀಲು, ಗುಂಡಿ ಬಿದ್ದ ಹಾಸಿಗೆ, ಹಿಂದಿನ ದಿನದ ಅತಿ ಕೆಲಸ ಅಥವಾ ಇಡೀ ದಿನ ಕುರ್ಚಿಯಲ್ಲೇ ಕೂತದ್ದು. ಇಂಥ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಓಡಾಡಿದ ಮೇಲೆ ಸಡಿಲವಾಗುತ್ತದೆ. ನಮ್ಮ ಅಕ್ಕನದು ಮೇಲ್ನೋಟಕ್ಕೆ ಈ ಬಗೆ.

ಆ ಹುಡುಗನದು ಬೇರೆ ಬಗೆ. ನಲವತ್ತರೊಳಗೆ ನಿಧಾನವಾಗಿ ಶುರುವಾಗುವುದು, ಮೂರು ತಿಂಗಳಿಗಿಂತ ಹೆಚ್ಚು ಇರುವುದು, ಬೆಳಗಿನ ಬಿಗಿತ ಅರ್ಧ ಗಂಟೆ ದಾಟುವುದು, ವಿಶ್ರಾಂತಿಯಿಂದ ಹೆಚ್ಚಿ ಓಡಾಟದಿಂದ ಇಳಿಯುವುದು, ರಾತ್ರಿಯ ಎರಡನೆಯ ಅರ್ಧದಲ್ಲಿ ನೋವಿಗೆ ಎಚ್ಚರವಾಗುವುದು. ಇವು ಉರಿಯೂತದ ಲಕ್ಷಣಗಳು. ಮನೆಯಲ್ಲಿ ಯಾರಿಗಾದರೂ ಹೀಗಿದ್ದರೆ ಗಂಟುರೋಗದ ತಜ್ಞರಿಗೆ, ಅಂದರೆ ರುಮಟಾಲಜಿಸ್ಟ್‌ಗೆ ತೋರಿಸಿ. ರಕ್ತಪರೀಕ್ಷೆ, ಎಕ್ಸ್‌ರೇ, ಬೇಕಿದ್ದರೆ ಎಂಆರ್‌ಐ ಮಾಡಿಸುತ್ತಾರೆ. ಎಚ್‌ಎಲ್‌ಎ–ಬಿ27 ಅನ್ನುವ ಪರೀಕ್ಷೆಯ ಹೆಸರು ಕೇಳಿ ಹೆದರಬೇಡಿ, ಅದು ಪಾಸಿಟಿವ್ ಬಂದವರಿಗೆಲ್ಲ ಈ ಕಾಯಿಲೆ ಬರುವುದಿಲ್ಲ.

ಇನ್ನೂ ಒಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಕಾಲಿನ ಬಲ ಕಡಿಮೆಯಾಗುತ್ತಾ ಹೋದರೆ ಆವತ್ತೇ ಆಸ್ಪತ್ರೆಗೆ ಹೋಗಿ, ಧ್ಯಾನ, ಶಾಖ, ಎಣ್ಣೆ ಏನೂ ಬೇಡ. ಬೆನ್ನು ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಪೆಟ್ಟು, ಹಿಂದೆ ಕ್ಯಾನ್ಸರ್ ಆಗಿದ್ದು ಇದ್ದರೂ ತಡ ಮಾಡಬೇಡಿ. ನಮ್ಮ ಕಡೆ ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವ ಪದ್ಧತಿ ಇದೆಯಲ್ಲ, ದಯವಿಟ್ಟು ಅದನ್ನು ಬಿಡಿ. ಒದ್ದವರಿಗೆ ಪುಣ್ಯ ಬಂದೀತು, ನಿಮಗೆ ಪ್ಲಾಸ್ಟರ್.

ಸಾಮಾನ್ಯ ಬಿಗಿತಕ್ಕೆ ದೊಡ್ಡ ಔಷಧಿ ಓಡಾಟವೇ. ದಿನಗಟ್ಟಲೆ ಮಲಗಿಬಿಡುವುದು ಹಳೆಯ ಸಲಹೆ, ಈಗ ಡಾಕ್ಟರು ಹಾಗೆ ಹೇಳುವುದಿಲ್ಲ. ಚಂಕ್ರಮಣದ ಐದು ಲಾಭ ಹೇಳುವ ಅಂಗುತ್ತರ ನಿಕಾಯದ ಸುತ್ತದಲ್ಲಿ ಆರೋಗ್ಯವೂ ಒಂದು, ಜೀರ್ಣವೂ ಒಂದು. ಎಚ್ಚರವಾದ ತಕ್ಷಣ ಧಡಕ್ಕನೆ ಏಳಬೇಡಿ. ಮಲಗಿದ್ದಲ್ಲೇ ಒಂದೊಂದೇ ಮೊಣಕಾಲನ್ನು ಎದೆಯ ಕಡೆ ಮೆಲ್ಲಗೆ ಎಳೆದುಕೊಳ್ಳಿ, ನೋವು ಹೆಚ್ಚಾದರೆ ಬಿಡಿ. ಪಕ್ಕಕ್ಕೆ ಹೊರಳಿ, ಕೈ ಊರಿ ಎದ್ದು ಕೂರಿ. ಮೊದಲ ಒಂದು ಗಂಟೆ ಸೊಂಟ ಬಗ್ಗಿಸಿ ಭಾರ ಎತ್ತುವುದು ಬೇಡ, ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಆಮೇಲೆ. ಬಿಸಿನೀರಿನ ಸ್ನಾನ, ಉಪ್ಪಿನ ಗಂಟಿನ ಶಾಖ ಹಿತ ಕೊಡುತ್ತವೆ. ಭಿಕ್ಖುಗಳಿಗೆ ಕೈಕಾಲಿನ ವಾತ ಬಂದಾಗ ಬೆವರಿಳಿಸುವ ಶಾಖವನ್ನು ಬುದ್ಧರೇ ಅನುಮತಿಸಿದ್ದರು, ಪಿಲಿಂದವಚ್ಛರ ವಾತಕ್ಕೆ ಕಾಯಿಸಿದ ಎಣ್ಣೆಯನ್ನೂ. ಮಗ್ಗುಲಾಗಿ ಮಲಗುವವರು ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟುಕೊಳ್ಳಿ. ಬೆನ್ನು ನೋವಿಗೆ ಬರೀ ಹಲಗೆಯ ಮೇಲೆ ಮಲಗಬೇಕು ಅನ್ನುವುದೂ ಪೂರ್ತಿ ನಿಜವಲ್ಲ, ತೀರಾ ಗಟ್ಟಿಗಿಂತ ಮಧ್ಯಮ ಗಟ್ಟಿಯ ಹಾಸಿಗೆ ಹೆಚ್ಚಿನವರಿಗೆ ಹಿತ. ಹಾಸಿಗೆಯಲ್ಲೂ ಮಧ್ಯಮ ಮಾರ್ಗ! ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆಗೂ ಕಿಡ್ನಿಗೂ ಏಟು.

ಇಷ್ಟು ಬರೆದು ಅಕ್ಕನಿಗೆ ಕಳಿಸಿದೆ. ಅವರು ಕೊಟ್ಟ ಉತ್ತರದಿಂದ ನನ್ನ ಚಿಂತನೆ ಇನ್ನೊಂದು ಕಡೆ ತಿರುಗಿತು. "ಮೇಷ್ಟ್ರೇ, ಮೊದಲ ಒಂದು ಗಂಟೆ ಬಗ್ಗಬೇಡಿ ಅಂತೀರಿ. ನಾನು ಐದೂವರೆಗೆ ಏಳ್ತೀನಿ, ಆರಕ್ಕೆ ಮೊದಲನೇ ಮನೆ. ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ. ಎಲ್ಲಾ ಬಗ್ಗೋ ಕೆಲ್ಸನೇ. ಪೊರಕೆ ನೋಡಿದ್ದೀರಾ, ಮೊಳ ಉದ್ದ ಇಲ್ಲ."

ನನಗೆ ನನ್ನ ಅವ್ವ ನೆನಪಾದಳು. ನಾಟಿ ಕಾಲದಲ್ಲಿ ದಿನವಿಡೀ ಕೆಸರಿನಲ್ಲಿ ಬಗ್ಗಿ ಪೈರು ನೆಡುತ್ತಿದ್ದಳು. ಬೆಳಿಗ್ಗೆ ಎದ್ದು ಒಲೆಯ ಪಕ್ಕದ ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದಳು, ಒಂದು ಮಾತೂ ಇಲ್ಲ. ನಾವು ಮಕ್ಕಳು ಅವಳ ಸಹನೆಯನ್ನು ಹೊಗಳುತ್ತಾ ಬೆಳೆದೆವು. ಅವಳಿಗೆ ಒಂದು ದಿನ ರಜೆ ಕೊಡಿ ಅಂತ ಯಾರೂ ಕೇಳಿದ್ದು ನೆನಪಿಲ್ಲ, ನಾನೂ ಕೇಳಲಿಲ್ಲ. ಸಹನೆಯನ್ನು ಹೊಗಳುವುದು ಬಹಳ ಅಗ್ಗದ ಕೆಲಸ, ಸಹಿಸುವವರು ಬೇರೆಯವರಾಗಿದ್ದರೆ.

ನಮ್ಮ ಗುಂಪಿನಲ್ಲೇ ಮನೆಕೆಲಸಕ್ಕೆ ಜನ ಇಟ್ಟುಕೊಂಡವರು ಬಹಳ ಮಂದಿ ಇದ್ದೀರಿ, ನಮ್ಮ ಮನೆಯಲ್ಲೂ ಇದ್ದಾರೆ. ಪೊರಕೆಗೆ ಉದ್ದ ಕೋಲು ಕಟ್ಟುವುದಕ್ಕೆ, ನಿಂತು ಒರೆಸುವ ಮಾಪ್ ತರುವುದಕ್ಕೆ ಹೆಚ್ಚೇನೂ ಖರ್ಚಿಲ್ಲ. ಆರು ಗಂಟೆಯ ಕೆಲಸವನ್ನು ಏಳಕ್ಕೆ ಮಾಡಿಕೊಳ್ಳಬಹುದು. ಮೊದಲು ಪಾತ್ರೆ, ಅದೂ ನಿಂತು ತೊಳೆಯುವ ಸಿಂಕಿನಲ್ಲಿ, ಆಮೇಲೆ ನೆಲ. ನಾನು ಭಾನುವಾರವೇ ಮಾಪ್ ತಂದೆ. ನಮ್ಮನೆಯವಳು, "ಮೂವತ್ತು ವರ್ಷ ನಾನು ಬಗ್ಗಿ ಒರೆಸಿದಾಗ ಈ ಧಮ್ಮ ಎಲ್ಲಿತ್ತು?" ಅಂದಳು. ಉತ್ತರ ಇರಲಿಲ್ಲ.

ಹಾಗಾದರೆ ಸಹನೆಗೆ ಜಾಗವೇ ಇಲ್ಲವಾ? ಇದೆ. ಔಷಧಿ ಮಾಡಿ, ಹಾಸಿಗೆ ಬದಲಿಸಿ, ಪೊರಕೆಗೆ ಕೋಲು ಕಟ್ಟಿದ ಮೇಲೂ ಸ್ವಲ್ಪ ನೋವು ಉಳಿಯುತ್ತದೆ. ಭಗ್ಗ ದೇಶದಲ್ಲಿ ನಕುಲಪಿತ ಎಂಬ ಮುದುಕ ಗೃಹಸ್ಥ ತನ್ನ ರೋಗಿಷ್ಠ ದೇಹದ ಬಗ್ಗೆ ಹೇಳಿಕೊಂಡಾಗ, ಬುದ್ಧರು ನಿನಗೇನೂ ಆಗಿಲ್ಲ ಅಂತ ಸಮಾಧಾನ ಹೇಳಲಿಲ್ಲ. ಹೌದು, ದೇಹ ರೋಗದ್ದೇ ಅಂತ ಒಪ್ಪಿಕೊಂಡರು. ದೇಹ ನರಳಿದರೂ ಮನಸ್ಸು ನರಳದ ಹಾಗೆ ಅಭ್ಯಾಸ ಮಾಡಿಕೋ ಅಂದರು. ಹೇಗೆ ಅಂತ ನಕುಲಪಿತ ಸಾರಿಪುತ್ತರ ಹತ್ತಿರ ಹೋಗಿ ಬಿಡಿಸಿ ಕೇಳಿಕೊಂಡ. ಆ ಹುಡುಗ ಈಗ ಹಾಗೇ ಇದ್ದಾನೆ ಅಂತ ನನಗೆ ಅನಿಸುತ್ತದೆ. ಇಂಜೆಕ್ಷನ್ ತೆಗೆದುಕೊಂಡೂ ಕೆಲವು ಬೆಳಿಗ್ಗೆ ಬೆನ್ನು ಬಿಗಿದಿರುತ್ತದೆ, ಆ ದಿನ ನಿಂತೇ ಧ್ಯಾನ ಮಾಡುತ್ತಾನೆ. ನಾನು ಹೇಳಿಕೊಟ್ಟ "ನೋಡುವುದು" ಈಗ ಅವನಿಗೆ ಉಪಯೋಗಕ್ಕೆ ಬರುತ್ತಿದೆ ಅಂತ ಅವನೇ ಹೇಳಿದ. ಅದನ್ನು ಕೇಳಿ ನನಗೆ ಖುಷಿಗಿಂತ ನಾಚಿಕೆ ಹೆಚ್ಚಾಯಿತು.

ಅಕ್ಕನನ್ನು ಗುರುವಾರ ನಮ್ಮ ಗುಂಪಿನ ಇನ್ನೊಬ್ಬ ತಂಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಹೆದರುವಂಥದ್ದು ಏನೂ ಇಲ್ಲ ಅಂದಿದ್ದಾರೆ, ಫಿಸಿಯೋಥೆರಪಿ ಹೇಳಿಕೊಟ್ಟಿದ್ದಾರೆ. ಮೊದಲನೆಯ ಮನೆಯವರು ಏಳು ಗಂಟೆಗೆ ಒಪ್ಪಿದ್ದಾರೆ. ಎರಡನೆಯ ಮನೆಯವರು ಇನ್ನೂ ಒಪ್ಪಿಲ್ಲ.

ಈ ಭಾನುವಾರದಿಂದ ಧ್ಯಾನದ ಹಾಲ್‌ನಲ್ಲಿ ಹಿಂದಿನ ಸಾಲಿಗೆ ಹತ್ತು ಕುರ್ಚಿ ಹಾಕಿರುತ್ತೇವೆ, ಗೋಡೆ ಪಕ್ಕ ಮಲಗಿ ಕೇಳುವವರಿಗೆ ಎರಡು ಚಾಪೆಯೂ ಇರುತ್ತದೆ. ಕೇಳಿ ಕೂರಬೇಕಾಗಿಲ್ಲ. ಯಾರ ಮನೆಯಲ್ಲಾದರೂ ಉಪಯೋಗಿಸದ ದಿಂಬು ಇದ್ದರೆ ತನ್ನಿ.

ನಮೋ ಬುದ್ಧಾಯ 🙏